ಶುಶ್ರೂಷಕಿಯೂ ಶಿಕ್ಷಕಿಯೇ

ಮನುಷ್ಯನಿಗೆ ಬರುವ ರೋಗಗಳಲ್ಲಿ ಎರಡು ಬಗೆ. ಕೆಲವು ಅತಿಥಿಗಳಂತೆ ಬಂದು, ನಾಲ್ಕು ದಿನವಿದ್ದು, ಹೊರಟುಹೋಗುತ್ತವೆ. ಇನ್ನು ಕೆಲವು ಪಾಲು ಕೇಳಲು ಬಂದ ದಾಯಾದಿಗಳಂತೆ ಮನೆಯಲ್ಲಿಯೇ ನೆಲೆಯೂರುತ್ತವೆ. ವಿಷಮಶೀತ ಜ್ವರ ಮೊದಲಾದವು ಮೊದಲನೆಯ ವರ್ಗದವು. ಮಧುಮೇಹವು ಎರಡನೆಯ ವರ್ಗಕ್ಕೆ ಸೇರಿದುದು. ಅತಿಥಿ ರೋಗ ಬಂದಾಗ ವೈದ್ಯರು ಔಷಧ ಬರೆದುಕೊಡುತ್ತಾರೆ, ದಾದಿ ಅದನ್ನು ಕುಡಿಸುತ್ತಾಳೆ, ರೋಗಿ ಸುಮ್ಮನೆ ಮಲಗಿದ್ದರೂ ಸಾಕು. ದಾಯಾದಿ ರೋಗದಲ್ಲಿ ಹಾಗಲ್ಲ. ವರ್ಷದ 365 ದಿನಗಳಲ್ಲಿ ರೋಗಿಯು ವೈದ್ಯರನ್ನು ಕಾಣುವುದು ನಾಲ್ಕೈದು ಸಲ. ಒಂದೊಂದು ಸಲಕ್ಕೆ ಕೆಲವೇ ನಿಮಿಷ. ಉಳಿದೆಲ್ಲ ದಿನಗಳಲ್ಲಿ ಎಷ್ಟು ಉಣ್ಣಬೇಕು, ಎಷ್ಟು ನಡೆಯಬೇಕು, ಗುಳಿಗೆಯನ್ನು ಯಾವಾಗ ನುಂಗಬೇಕು, ಕಾಲಿನಲ್ಲೆದ್ದ ಬೊಬ್ಬೆಗೆ ಏನು ಮಾಡಬೇಕು ಎಂಬುದನ್ನೆಲ್ಲ ಆತನೇ ನಿರ್ಧರಿಸಬೇಕು. ಅಂದರೆ ಮಧುಮೇಹದಲ್ಲಿ ಚಿಕಿತ್ಸೆಯ ಬಹುಭಾಗವನ್ನು ನಡೆಸುವವನು ರೋಗಿಯೇ. ಆತನಿಗೆ ಆ ವಿದ್ಯೆಯನ್ನು ಕಲಿಸುವವರು ಯಾರು? ಈ ಪ್ರಶ್ನೆಯೇ ಪ್ರಸ್ತುತ ಲೇಖನದ ವಸ್ತು.

ಇದೇ ಶಾಲೆಯಲ್ಲಿ ಓದಿ, ಶುಶ್ರೂಷಾ ಶಿಕ್ಷಣ ಪಡೆದು, ಸರ್ಕಾರಿ ಆರೋಗ್ಯ ಸೇವೆಯಲ್ಲಿ ದುಡಿದು ನಿವೃತ್ತಳಾದ ನನಗೆ, ವೃತ್ತಿಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಸಂಚಿಕೆಯ ಸಂಪಾದಕ ಮಂಡಳಿಯವರು ಸೂಚಿಸಿದ್ದಾರೆ. ಆತ್ಮಕಥನವನ್ನು ಹೇಳಿಕೊಳ್ಳುವುದು ನನ್ನ ಉದ್ದೇಶವಲ್ಲ. ಆದರೆ ವೃತ್ತಿಯು ಕಲಿಸಿದ ಒಂದು ಅಭಿಪ್ರಾಯವನ್ನು ಶಿಕ್ಷಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಓದುವ ಈ ಪುಟಗಳಲ್ಲಿ ಮಂಡಿಸುವುದು ಯುಕ್ತವೆಂದು ತೋರಿತು. ಆ ಅಭಿಪ್ರಾಯವಿಷ್ಟೆ: ಮಧುಮೇಹದ ನಿವಾರಣೆಯು ಮುಖ್ಯವಾಗಿ ಬೋಧನೆಯ ಕಾರ್ಯ, ಆ ಬೋಧನೆಗೆ ಯೋಗ್ಯಳಾದವಳು ಶುಶ್ರೂಷಕಿ, ಆದರೆ ಅವಳ ಸೂಜಿಗೆ ಸಂದ ಮನ್ನಣೆ ಅವಳ ಮಾತಿಗೆ ಇನ್ನೂ ಸಂದಿಲ್ಲ. ಈ ವೃತ್ತಿಯಲ್ಲಿ ಪುರುಷರೂ ಇದ್ದಾರೆ. ರೂಢಿಯನ್ನನುಸರಿಸಿ ಶುಶ್ರೂಷಕಿ ಎಂದು ಬರೆದಿದ್ದೇನೆ.

ಮೊದಲು ರೋಗದ ವಿಸ್ತಾರವನ್ನು ನೋಡೋಣ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ಸಮೀಕ್ಷೆಯ ಫಲಿತಾಂಶಗಳು 2023ರಲ್ಲಿ ಪ್ರಕಟವಾದವು. ಅದರ ಅಂದಾಜಿನಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಮಿಕ್ಕಿ ಮಧುಮೇಹಿಗಳಿದ್ದಾರೆ. ಇನ್ನೂ 13 ಕೋಟಿ 60 ಲಕ್ಷ ಜನರು ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದಾರೆ. ಅವರ ರಕ್ತದಲ್ಲಿ ಸಕ್ಕರೆಯ ಅಂಶ ಸಹಜಕ್ಕಿಂತ ಹೆಚ್ಚು, ಆದರೆ ರೋಗವೆಂದು ಕರೆಯುವಷ್ಟಲ್ಲ. ಇದು ಶ್ರೀಮಂತರ ಕಾಯಿಲೆ, ಗಾದಿಯ ಮೇಲೆ ಕುಳಿತವರ ಕಾಯಿಲೆ ಎಂಬ ಹಳೆಯ ನಂಬಿಕೆ ಈಗ ನಿಲ್ಲುವುದಿಲ್ಲ. ಹೊಲದ ಕೆಲಸಕ್ಕೆ ಯಂತ್ರ ಬಂದಿದೆ, ಊರಿಂದೂರಿಗೆ ಹೋಗಲು ಮೋಟಾರು ಸೈಕಲ್ಲು ಬಂದಿದೆ, ಪಡಿತರದ ಅಕ್ಕಿ ಮನೆ ತುಂಬಿದೆ, ಸಂತೆಯ ಮೂಲೆಯಂಗಡಿಯಲ್ಲಿಯೂ ಬಣ್ಣದ ಪಾನೀಯಗಳು ತೂಗಾಡುತ್ತಿವೆ. ಕಾಯಿಲೆಯು ಈ ದಾರಿಗಳಲ್ಲೆಲ್ಲ ನಡೆದು ಹಳ್ಳಿಯನ್ನು ಹೊಕ್ಕಿದೆ. ಅದು ಬಂದದ್ದು ತಿಳಿಯುವುದೂ ಇಲ್ಲ. ಮೊದಲ ಹಲವು ವರ್ಷ ನೋವಿಲ್ಲ, ಜ್ವರವಿಲ್ಲ. ತಿಳಿಯುವ ಹೊತ್ತಿಗೆ ಕಣ್ಣಿನ ಹಿಂಪದರ, ಮೂತ್ರಪಿಂಡ, ಪಾದದ ನರಗಳು ಹಾನಿಗೊಂಡಿರುವುದು ಅಪರೂಪವಲ್ಲ.

ಇಲ್ಲಿ ಒಂದು ಭೇದವನ್ನು ಸ್ಪಷ್ಟಪಡಿಸಬೇಕು. ಮಕ್ಕಳಲ್ಲಿ, ತರುಣರಲ್ಲಿ ಹೆಚ್ಚಾಗಿ ಕಾಣುವ ಮೊದಲನೆಯ ಬಗೆಯ ಮಧುಮೇಹದಲ್ಲಿ ಶರೀರವು ಇನ್ಸುಲಿನ್ ಉತ್ಪತ್ತಿ ಮಾಡುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಅದು ಆಹಾರದೋಷದಿಂದ ಬಂದುದಲ್ಲ, ಪಥ್ಯದಿಂದ ತಡೆಯಬಹುದಾದುದೂ ಅಲ್ಲ. ಅಂಥ ಮಗುವಿನ ತಾಯಿಯನ್ನು ಬೈಯುವುದು ಘೋರ ಅನ್ಯಾಯ. ನೂರರಲ್ಲಿ ತೊಂಬತ್ತಕ್ಕೂ ಮಿಕ್ಕ ಮಧುಮೇಹಿಗಳಿಗೆ ಇರುವುದು ಎರಡನೆಯ ಬಗೆ. ವಂಶಪಾರಂಪರ್ಯವೂ ಜೀವನಕ್ರಮವೂ ಅದಕ್ಕೆ ಕಾರಣ. ನಿವಾರಣೆಯ ಮಾತನ್ನು ಆಡುವುದು ಈ ಎರಡನೆಯದನ್ನು ಕುರಿತು.

ಮಾತಿನಿಂದ ರೋಗ ತಡೆಯುವುದುಂಟೇ ಎಂದು ಸಂದೇಹಪಡುವವರು ಉಂಟು. ಅವರಿಗಾಗಿ ಮೂರು ಪ್ರಯೋಗಗಳನ್ನು ಉಲ್ಲೇಖಿಸುತ್ತೇನೆ. ಚೀನಾದ ದಾಚಿಂಗ್ ನಗರದಲ್ಲಿ 1986ರಲ್ಲಿ, ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರನ್ನು ಆರಿಸಿ ಕೆಲವರಿಗೆ ಪಥ್ಯ, ಕೆಲವರಿಗೆ ವ್ಯಾಯಾಮ, ಕೆಲವರಿಗೆ ಎರಡನ್ನೂ ಆರು ವರ್ಷ ಕಲಿಸಲಾಯಿತು. ಉಪದೇಶ ನಿಂತ ಬಳಿಕವೂ ಆ ಜನರನ್ನು ಬಿಡದೆ ಗಮನಿಸಿದರು. ಮೂವತ್ತು ವರ್ಷಗಳ ಲೆಕ್ಕ 2019ರಲ್ಲಿ ಪ್ರಕಟವಾಯಿತು: ಕಲಿತವರಲ್ಲಿ ರೋಗವು ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು, ಹೃದಯ ಮತ್ತು ರಕ್ತನಾಳಗಳ ಅನಾಹುತಗಳು ಕಾಲುಭಾಗದಷ್ಟು ಕಡಿಮೆಯಾಗಿದ್ದವು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2002ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಜೀವನಕ್ರಮದ ತರಬೇತಿಯು ರೋಗವನ್ನು ಶೇಕಡ 58ರಷ್ಟು ತಗ್ಗಿಸಿದರೆ, ಮೆಟ್‌ಫಾರ್ಮಿನ್ ಗುಳಿಗೆಯು ಶೇಕಡ 31ರಷ್ಟು ತಗ್ಗಿಸಿತು.

ನಮಗೆ ಅತ್ಯಂತ ಹತ್ತಿರದ್ದು ಮೂರನೆಯದು. ಚೆನ್ನೈಯ ವೈದ್ಯ ಡಾ. ಎ. ರಾಮಚಂದ್ರನ್ ಮತ್ತು ಸಂಗಡಿಗರು 531 ಜನ ಭಾರತೀಯರನ್ನು ಮೂರು ವರ್ಷ ಗಮನಿಸಿ 2006ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಏನೂ ಮಾಡದೆ ಬಿಟ್ಟ ಗುಂಪಿನಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರು. ಆಹಾರ, ನಡಿಗೆಗಳ ವಿಷಯದಲ್ಲಿ ತಿಳಿವಳಿಕೆ ಪಡೆದ ಗುಂಪಿನಲ್ಲಿ ಆ ಸಂಖ್ಯೆ 39. ಲೆಕ್ಕ ಹಾಕಿದಾಗ ತಿಳಿವಳಿಕೆಯಿಂದ ಅಪಾಯವು ಶೇಕಡ 28.5ರಷ್ಟು, ಗುಳಿಗೆಯಿಂದ ಶೇಕಡ 26.4ರಷ್ಟು ತಗ್ಗಿತ್ತು, ಎರಡನ್ನೂ ಸೇರಿಸಿ ಕೊಟ್ಟಾಗ ಶೇಕಡ 28.2. ಅಂದರೆ ತಿಳಿವಳಿಕೆಯನ್ನು ಸರಿಯಾಗಿ ಕೊಟ್ಟವರಿಗೆ ಗುಳಿಗೆಯನ್ನು ಸೇರಿಸಿದ್ದರಿಂದ ಹೆಚ್ಚಿನ ಲಾಭವೇನೂ ಕಾಣಲಿಲ್ಲ. ಇದು ರೋಗ ಬರುವುದಕ್ಕೆ ಮುಂಚಿನ ಮಾತು. ರೋಗ ಬಂದ ಮೇಲೆ ಗುಳಿಗೆಯೂ ಇನ್ಸುಲಿನ್ನೂ ಪ್ರಾಣರಕ್ಷಕಗಳು. ಅವುಗಳನ್ನು ಬಿಟ್ಟು ಬರಿಯ ಪಥ್ಯವನ್ನು ನಂಬಬೇಕೆಂದು ಯಾರೂ ತಿಳಿಯಬಾರದು. ಆದರೆ ಹೊಸ್ತಿಲಲ್ಲಿ ನಿಂತ 13 ಕೋಟಿ 60 ಲಕ್ಷ ಜನರಿಗೆ ಸಂಬಂಧಿಸಿದಂತೆ ಮಾತು ಒಂದು ಔಷಧವೆಂಬುದು ನಮ್ಮ ನೆಲದಲ್ಲಿಯೇ ಸಿದ್ಧವಾಗಿರುವ ಸಂಗತಿ. ಗುಳಿಗೆಯನ್ನು ಕಾರ್ಖಾನೆಯಲ್ಲಿ ತಯಾರಿಸಬಹುದು. ಮಾತನ್ನು ತಯಾರಿಸುವ ಕಾರ್ಖಾನೆಯಿಲ್ಲ. ಅದಕ್ಕೆ ಮನುಷ್ಯರೇ ಬೇಕು.

ಈ ತಥ್ಯವನ್ನು ಹಿಂದೆಯೇ ಮನಗಂಡವರು ಇದ್ದರು. ಕೆನಡಾದ ಟೊರಾಂಟೊ ನಗರದಲ್ಲಿ 1921ರಲ್ಲಿ ಇನ್ಸುಲಿನ್ ಆವಿಷ್ಕಾರವಾಗುವುದಕ್ಕೂ ಮೊದಲೇ, 1918ರಲ್ಲಿ, ಅಮೆರಿಕದ ಬಾಸ್ಟನ್ನಿನ ವೈದ್ಯ ಎಲಿಯಟ್ ಜಾಸ್ಲಿನ್ ಅವರು ವೈದ್ಯರಿಗೂ ರೋಗಿಗಳಿಗೂ ಸಮಾನವಾಗಿ ಉಪಯೋಗವಾಗುವ ಕೈಪಿಡಿಯೊಂದನ್ನು ಹೊರತಂದರು. ಅವರು ಶುಶ್ರೂಷಕಿಯರಿಗೆ ವಿಶೇಷ ತರಬೇತಿ ಕೊಟ್ಟು, ರೋಗಿಗಳ ಮನೆಗಳಿಗೆ ಹೋಗಿ ಕಲಿಸುವ ಬೋಧಕಿಯರನ್ನಾಗಿ ಮಾಡಿದರು. ಇಂಗ್ಲೆಂಡಿನ ಲೆಸ್ಟರ್ ನಗರದಲ್ಲಿ ಡಾ. ಜೋನ್ ವಾಕರ್ ಎಂಬ ವೈದ್ಯೆ 1950ರ ಸುಮಾರಿಗೆ ಇಂಥದೇ ವ್ಯವಸ್ಥೆಯನ್ನು ಆರಂಭಿಸಿದರು. ಅಮೆರಿಕದಲ್ಲಿ 1986ರಿಂದ ಮಧುಮೇಹ ಬೋಧಕರಿಗೆ ಪ್ರತ್ಯೇಕ ಪರೀಕ್ಷೆಯೂ ಪ್ರಮಾಣಪತ್ರವೂ ಉಂಟು. ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟವು 2020ರ ನವೆಂಬರ್ 14ರ ವಿಶ್ವ ಮಧುಮೇಹ ದಿನವನ್ನು ಶುಶ್ರೂಷಕಿಯರಿಗೇ ಮೀಸಲಾಗಿಟ್ಟಿತು. ಅದು ಫ್ಲಾರೆನ್ಸ್ ನೈಟಿಂಗೇಲರು ಹುಟ್ಟಿ ಇನ್ನೂರು ವರ್ಷ ತುಂಬಿದ ವರ್ಷವೂ ಆಗಿತ್ತು.

ನಮ್ಮ ದೇಶದ ಮಾರ್ಗ ಬೇರೆಯಾಗಿತ್ತು. ಐದು ಸಾವಿರ ಜನಸಂಖ್ಯೆಗೊಂದು ಉಪಕೇಂದ್ರ, ಅದಕ್ಕೊಬ್ಬ ಸಹಾಯಕ ಶುಶ್ರೂಷಕಿ ಎಂಬ ಏರ್ಪಾಡಿನಲ್ಲಿ ಹೆರಿಗೆ, ಲಸಿಕೆ, ಕುಟುಂಬ ಯೋಜನೆಗಳೇ ಅವಳ ಪ್ರಧಾನ ಕರ್ತವ್ಯಗಳು. ಅದು ಕಾಲಕ್ಕೆ ತಕ್ಕುದೇ ಆಗಿತ್ತು. ಬಾಣಂತಿಯರೂ ಹಸುಗೂಸುಗಳೂ ಸಾಯುತ್ತಿದ್ದ ದಿನಗಳಲ್ಲಿ ಸಕ್ಕರೆ ಕಾಯಿಲೆಯ ಯೋಚನೆ ಯಾರಿಗೆ ಬರಬೇಕು? ಕೇಂದ್ರ ಸರ್ಕಾರವು ಮಧುಮೇಹ, ಹೃದ್ರೋಗ, ಅರ್ಬುದ, ಪಾರ್ಶ್ವವಾಯುಗಳ ನಿಯಂತ್ರಣಕ್ಕೆ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿದ್ದು 2010ರಲ್ಲಿ. 2018ರಿಂದ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳನ್ನಾಗಿ ಮಾರ್ಪಡಿಸಿ, ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆಯನ್ನು ನಿರ್ಮಿಸಲಾಯಿತು. ಈ ಹುದ್ದೆಯಲ್ಲಿರುವವರಲ್ಲಿ ಬಹುಮಂದಿ ಶುಶ್ರೂಷಾ ಪದವೀಧರರು. ಬೀದಿಯ ಕೊನೆಯ ಮನೆಯವರೆಗೆ ಮಧುಮೇಹದ ತಪಾಸಣೆ ಮುಟ್ಟಿದ್ದು ಈ ಏರ್ಪಾಡಿನಿಂದ. ಇದು ದೊಡ್ಡ ಹೆಜ್ಜೆಯೆಂಬುದನ್ನು ಕೃತಜ್ಞತೆಯಿಂದ ನೆನೆಯಬೇಕು.

ತಪಾಸಣೆ ಹೇಗೆ ನಡೆಯುತ್ತದೆಂಬುದನ್ನು ಓದುಗರು ಬಲ್ಲರೋ ಇಲ್ಲವೋ. ಮೂವತ್ತು ವರ್ಷ ದಾಟಿದವರ ಮನೆಗೆ ಆಶಾ ಕಾರ್ಯಕರ್ತೆ ಒಂದು ನಮೂನೆಯನ್ನು ಹಿಡಿದು ಹೋಗುತ್ತಾಳೆ. ವಯಸ್ಸೆಷ್ಟು, ತಂಬಾಕು ಉಂಟೇ, ಮದ್ಯ ಉಂಟೇ, ವಾರಕ್ಕೆ 150 ನಿಮಿಷ ಮೈ ದಣಿಯುತ್ತದೆಯೇ, ತಂದೆತಾಯಿಗಳಿಗೆ ಈ ಕಾಯಿಲೆ ಇತ್ತೇ ಎಂದು ಕೇಳಿ, ಸೊಂಟದ ಸುತ್ತಳತೆಯನ್ನು ಅಳೆಯುತ್ತಾಳೆ. ಹೆಂಗಸರಿಗೆ 80, ಗಂಡಸರಿಗೆ 90 ಸೆಂಟಿಮೀಟರು ದಾಟಿದರೆ ಅಂಕ ಏರುತ್ತದೆ. ಒಟ್ಟು ಅಂಕ ನಾಲ್ಕನ್ನು ಮೀರಿದವರನ್ನು ಮೊದಲು ಕರೆಸಿ, ಬೆರಳ ತುದಿಯ ಒಂದು ತೊಟ್ಟು ರಕ್ತದಿಂದ ಸಕ್ಕರೆಯನ್ನು ನೋಡುತ್ತಾರೆ. ಹೆಚ್ಚಿದ್ದರೆ ವೈದ್ಯರಲ್ಲಿಗೆ ಕಳುಹಿಸುತ್ತಾರೆ. ಇಲ್ಲಿಯವರೆಗಿನ ಕೆಲಸಕ್ಕೆ ಪಟ್ಟಿ, ಯಂತ್ರ, ವಹಿ ಸಾಕು. ಶುಶ್ರೂಷಕಿಯ ನಿಜವಾದ ಕೆಲಸ ಆರಂಭವಾಗುವುದು ಇದಾದ ಮೇಲೆ.

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾನು ನೂರು ಸಲ ಕೇಳಿದ ಮಾತು ಇದು: "ಬಾಯಾರ, ನಾವು ಜ್ವಾಳದ ರೊಟ್ಟಿ ತಿನ್ನಾವ್ರು. ನಮಗ್ಯಾಕ ಬರ್ತೈತ್ರಿ ಸಕ್ಕರಿ ಬ್ಯಾನಿ?" ಜೋಳ ಒಳ್ಳೆಯದೇ; ನಾರಿನಂಶವುಳ್ಳ ಧಾನ್ಯ. ಆದರೆ ಐದು ರೊಟ್ಟಿಯ ಮೇಲೆ ಒಂದು ಬುಟ್ಟಿ ಅನ್ನ ಉಂಡರೆ ಜೋಳದ ಗುಣ ಎಲ್ಲಿ ಉಳಿಯಿತು? ಹಳೆಯ ಮೈಸೂರಿನ ಕಡೆ ಇದೇ ಮಾತನ್ನು ರಾಗಿ ಮುದ್ದೆಯ ಬಗ್ಗೆ ಹೇಳುತ್ತಾರೆ. ಸಕ್ಕರೆ ಬಿಟ್ಟು ಬೆಲ್ಲದ ಚಹ ಕುಡಿದರೆ ದೋಷವಿಲ್ಲವೆಂಬುದು ಇನ್ನೊಂದು ನಂಬಿಕೆ. ರಕ್ತಕ್ಕೆ ಹೋದ ಮೇಲೆ ಎರಡೂ ಒಂದೇ. ಪುಸ್ತಕದಲ್ಲಿ ಮುದ್ರಿಸಿದ ಪಥ್ಯದ ಪಟ್ಟಿಯನ್ನು ಕೈಗೆ ಕೊಟ್ಟು ಕಳುಹಿಸಿದರೆ ಈ ನಂಬಿಕೆಗಳು ಅಲುಗುವುದಿಲ್ಲ. ಓಟ್ಸು, ಸೇಬು ಎಂದು ಬರೆದ ಪಟ್ಟಿ ಆ ಮನೆಗೆ ಪರದೇಶದ ಪತ್ರ. ಶುಶ್ರೂಷಕಿಯು ಅಡುಗೆಮನೆಯ ಬಾಗಿಲಲ್ಲಿ ಕುಳಿತು, ಅವರ ಗಂಗಾಳವನ್ನೇ ತರಿಸಿ, ಅರ್ಧಭಾಗಕ್ಕೆ ಪಲ್ಯ ಸೊಪ್ಪು, ಕಾಲುಭಾಗಕ್ಕೆ ಬೇಳೆ ಕಾಳು, ಕಾಲುಭಾಗಕ್ಕೆ ರೊಟ್ಟಿ ಇಲ್ಲವೇ ಅನ್ನ ಎಂದು ತೋರಿಸಿದರೆ ಅದು ತಿಳಿಯುತ್ತದೆ. ಮನೆಯ ಯಜಮಾನನಿಗೆ ಮಾತ್ರ ಹೇಳಿ ಪ್ರಯೋಜನವಿಲ್ಲ. ಒಲೆಯ ಮುಂದೆ ಇರುವವಳು ಸೊಸೆ; ಪಾಠ ಅವಳಿಗೂ ಆಗಬೇಕು. ಅವಳಿಗೇ ಮಧುಮೇಹವಿದ್ದರೆ, ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಹೊತ್ತುಮೀರಿ ಉಣ್ಣುವ ಪದ್ಧತಿಯ ಕುರಿತು ಅತ್ತೆಯ ಸಂಗಡವೂ ಮಾತನಾಡಬೇಕು.

ಇನ್ಸುಲಿನ್ ಚುಚ್ಚುಮದ್ದು ಇನ್ನೊಂದು ಪಾಠ. ನಮ್ಮಲ್ಲಿ ಒಂದು ಮಿಲಿಲೀಟರಿಗೆ 40 ಘಟಕಗಳಿರುವ ಸೀಸೆಗಳೂ 100 ಘಟಕಗಳಿರುವವೂ ಬಳಕೆಯಲ್ಲಿವೆ. ಮೊದಲನೆಯದರ ಸಿರಿಂಜಿಗೆ ಕೆಂಪು ಮುಚ್ಚಳ, ಎರಡನೆಯದರದಕ್ಕೆ ಕಿತ್ತಳೆ ಬಣ್ಣದ್ದು. ಕೆಂಪು ಮುಚ್ಚಳದ ಸಿರಿಂಜಿನಲ್ಲಿ 100ರ ಔಷಧವನ್ನು ಅದೇ ಗೆರೆಯವರೆಗೆ ಎಳೆದರೆ ಎರಡೂವರೆ ಪಟ್ಟು ಔಷಧ ಮೈ ಸೇರಿ ಪ್ರಾಣಕ್ಕೆ ಸಂಚಕಾರ ಬರುತ್ತದೆ. ಚುಚ್ಚುವ ಜಾಗವನ್ನು ದಿನವೂ ಬದಲಿಸದಿದ್ದರೆ ಚರ್ಮದ ಕೆಳಗೆ ಗಂಟು ಬೆಳೆದು ಔಷಧ ಸರಿಯಾಗಿ ಹತ್ತುವುದಿಲ್ಲ. ಸೀಸೆಯನ್ನು ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿಟ್ಟರೆ ಔಷಧ ಕೆಡುತ್ತದೆ. ಫ್ರಿಜ್ಜಿಲ್ಲದ ಮನೆಯಲ್ಲಿ ನೀರು ಹಾಕಿದ ಮಣ್ಣಿನ ಮಡಕೆಯ ತಂಪು ಅದನ್ನು ಕಾಯಬಲ್ಲುದು. ಮೈ ನಡುಗಿ, ಬೆವರಿ, ಕಣ್ಣು ಕತ್ತಲಿಟ್ಟರೆ ಸಕ್ಕರೆ ಇಳಿದಿದೆಯೆಂದು ತಿಳಿದು, ಎಚ್ಚರವಿರುವವನಿಗೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಬೇಕು. ಸಕ್ಕರೆ ವಿಷವೆಂದು ಕಲಿತ ಮನೆಯವರು ಆ ಹೊತ್ತಿನಲ್ಲಿ ಸಕ್ಕರೆ ಕೊಡಲು ಹೆದರುತ್ತಾರೆ. ಆದುದರಿಂದ ಅರ್ಧ ಪಾಠವು ಪಾಠವಿಲ್ಲದ್ದಕ್ಕಿಂತ ಹೆಚ್ಚು ಅಪಾಯಕಾರಿ. ಇವೆಲ್ಲವನ್ನೂ ಔಷಧದ ಚೀಟಿಯಲ್ಲಿ ಬರೆಯಲು ಸ್ಥಳವಿಲ್ಲ.

ಪಾದಗಳ ವಿಷಯ ಇನ್ನೂ ಕರುಣಾಜನಕ. ನರಗಳು ಸತ್ತ ಪಾದಕ್ಕೆ ಮುಳ್ಳು ನೆಟ್ಟದ್ದು ತಿಳಿಯುವುದಿಲ್ಲ, ಕಾದ ನೆಲ ಸುಟ್ಟದ್ದು ತಿಳಿಯುವುದಿಲ್ಲ, ನಿದ್ದೆಯಲ್ಲಿ ಇಲಿ ಕಡಿದರೂ ಎಚ್ಚರವಾಗುವುದಿಲ್ಲ. ನೋವಿಲ್ಲವಾದ್ದರಿಂದ ಗಾಯವನ್ನು ಅಲಕ್ಷಿಸುತ್ತಾರೆ. ಕೀವು ಎಲುಬಿಗಿಳಿದ ಮೇಲೆ ಆಸ್ಪತ್ರೆಗೆ ಬರುತ್ತಾರೆ. ಕಾಲು ಕಳೆದುಕೊಂಡು ಹೋಗುತ್ತಾರೆ. ದುಡಿಯುವವನ ಕಾಲು ಹೋದರೆ ಒಂದು ಸಂಸಾರವೇ ಕುಂಟಾಗುತ್ತದೆ. ದಿನಕ್ಕೊಮ್ಮೆ ಅಂಗಾಲನ್ನು ನೋಡಿಕೊಳ್ಳುವುದು, ನೋಡಲಾಗದ ಮುದುಕರಿಗೆ ಮೊಮ್ಮಕ್ಕಳು ನೋಡಿ ಹೇಳುವುದು, ಬೆರಳ ಸಂದನ್ನು ಒರಸುವುದು, ಹೊಲದಲ್ಲಿಯೂ ಮೆಟ್ಟು ಬಿಡದಿರುವುದು, ಜೋಮು ಹಿಡಿದ ಕಾಲನ್ನು ಬಿಸಿನೀರಿನಲ್ಲಿ ಅದ್ದದಿರುವುದು ಇಷ್ಟನ್ನು ಕಲಿಸಿದರೆ ಎಷ್ಟೋ ಕಾಲುಗಳು ಉಳಿಯುತ್ತವೆ. ಇದಕ್ಕೆ ಬೇಕಾದ ಸಲಕರಣೆ ಹತ್ತು ಗ್ರಾಂ ಒತ್ತಡಕ್ಕೆ ಬಾಗುವ ಒಂದು ನೈಲಾನ್ ಎಳೆ. ಅದರ ಸ್ಪರ್ಶ ಅಂಗಾಲಿಗೆ ತಿಳಿಯುತ್ತದೆಯೇ ಎಂದು ನೋಡಿದರಾಯಿತು.

ಇನ್ನೊಂದು ಸಂಗತಿಯನ್ನು ನಮ್ಮ ರಾಜ್ಯದ ಹೆಮ್ಮೆಯಾಗಿಯೂ ಎಚ್ಚರಿಕೆಯಾಗಿಯೂ ಹೇಳಬೇಕಾಗಿದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997-98ರಲ್ಲಿ ಹೆರಿಗೆಗೆ ಬಂದ ತಾಯಂದಿರನ್ನೂ ಅವರ ಮಕ್ಕಳನ್ನೂ ಸಂಶೋಧಕರು ದೀರ್ಘಕಾಲ ಗಮನಿಸುತ್ತ ಬಂದರು. ಬಸಿರಿನಲ್ಲಿ ಸಕ್ಕರೆ ಏರಿದ್ದ ತಾಯಂದಿರಲ್ಲಿ ಐದು ವರ್ಷಗಳೊಳಗೆ ನೂರಕ್ಕೆ 37 ಮಂದಿ ಮಧುಮೇಹಿಗಳಾದರು. ಉಳಿದವರಲ್ಲಿ ಆ ಸಂಖ್ಯೆ ಕೇವಲ 2. ಹೆರಿಗೆಯಾದೊಡನೆ ಸಕ್ಕರೆ ಇಳಿಯುತ್ತದೆ, ತಾಯಿಯೂ ಮನೆಯವರೂ ಅದನ್ನು ಮರೆಯುತ್ತಾರೆ. ಮಗುವಿಗೆ ಲಸಿಕೆ ಹಾಕಿಸಲು ಅದೇ ತಾಯಿ ತಿಂಗಳು ತಿಂಗಳು ಅದೇ ಶುಶ್ರೂಷಕಿಯ ಮುಂದೆ ಬಂದು ಕುಳಿತಿರುತ್ತಾಳೆ. ಆರು ವಾರಕ್ಕೆ ನಿನ್ನ ರಕ್ತವನ್ನೂ ಪರೀಕ್ಷಿಸಬೇಕವ್ವಾ, ಆಮೇಲೆಯೂ ವರ್ಷವರ್ಷ ನೋಡಬೇಕು ಎಂದು ಹೇಳಲು ಇದಕ್ಕಿಂತ ತಕ್ಕ ಸಮಯ, ತಕ್ಕ ವ್ಯಕ್ತಿ ಬೇರೆ ಯಾರಿದ್ದಾರೆ? ನಿವಾರಣೆಯ ಬಾಗಿಲು ಇಲ್ಲಿ ತೆರೆದೇ ಇದೆ.

ಇಷ್ಟಾದರೂ ಈ ಬೋಧನೆಗೆ ನಮ್ಮಲ್ಲಿ ಸಲ್ಲಬೇಕಾದ ಸ್ಥಾನ ಸಂದಿಲ್ಲ. ದೊಡ್ಡ ನಗರಗಳ ಖಾಸಗಿ ಆಸ್ಪತ್ರೆಗಳಲ್ಲಿ ಮಧುಮೇಹ ಬೋಧಕಿಯರು ಇದ್ದಾರೆ. ಜಿಲ್ಲಾ, ತಾಲ್ಲೂಕು ಆಸ್ಪತ್ರೆಗಳಿಗೆ ಆಪ್ತ ಸಮಾಲೋಚಕರು ಬಂದಿದ್ದಾರೆ. ಆದರೆ ಹಳ್ಳಿಯ ಮಟ್ಟದಲ್ಲಿ ಈ ಹೊರೆಯೆಲ್ಲ ಲಸಿಕೆ, ಹೆರಿಗೆ, ಜನಗಣತಿಗಳ ಮೇಲಿನ ಹೆಚ್ಚುವರಿ ಮೂಟೆಯಾಗಿ ಅದೇ ಶುಶ್ರೂಷಕಿಯ ತಲೆಯೇರಿದೆ. ಎಷ್ಟು ಜನರ ಬೆರಳು ಚುಚ್ಚಿದೆ, ಎಷ್ಟು ಗುಳಿಗೆ ಹಂಚಿದೆ ಎಂಬ ಲೆಕ್ಕವನ್ನು ಮೇಲಿನವರು ಕೇಳುತ್ತಾರೆ. ಎಷ್ಟು ಜನರಿಗೆ ಅರ್ಥವಾಯಿತು ಎಂದು ಕೇಳುವವರು ವಿರಳ. ನಾನು ಒಂದು ಕೇಂದ್ರದಲ್ಲಿದ್ದಾಗ ಗುರುವಾರಗಳಂದು ಮಧುಮೇಹಿಗಳನ್ನು ಕೂಡಿಸಿ ಅರ್ಧ ಗಂಟೆ ಪಾಠ ಹೇಳುತ್ತಿದ್ದೆ. ತಪಾಸಣೆಗೆ ಬಂದ ಮೇಲಧಿಕಾರಿಯೊಬ್ಬರು, "ಏನಮ್ಮಾ, ಕೆಲಸ ಬಿಟ್ಟು ಹರಟೆ ಹೊಡೀತಾ ಕೂತಿದ್ದೀರಲ್ಲ?" ಎಂದರು. ಅವರು ಕೆಟ್ಟವರಲ್ಲ, ದುಡಿಮೆಯಲ್ಲಿ ಶ್ರದ್ಧೆಯುಳ್ಳವರೇ. ಅವರು ಹಿಡಿದುಬಂದಿದ್ದ ವಹಿಯಲ್ಲಿ ಪಾಠಕ್ಕೆ ಅಂಕಣವಿರಲಿಲ್ಲ, ಅಷ್ಟೆ. ಇನ್ನು ಹೊಸ ತಲೆಮಾರಿನ ಸಮುದಾಯ ಆರೋಗ್ಯ ಅಧಿಕಾರಿಗಳಲ್ಲಿ ಬಹುಮಂದಿ ಗುತ್ತಿಗೆಯ ಆಧಾರದ ಮೇಲೆ ದುಡಿಯುವವರು. ಮಧುಮೇಹದ ಪಾಠ ಒಂದು ದಿನದಲ್ಲಿ ಮುಗಿಯುವಂಥದಲ್ಲ. ಊರಿನ ಪರಿಚಯ, ಮನೆಯವರ ನಂಬಿಕೆ ಬೆಳೆಯಲು ವರ್ಷಗಳೇ ಬೇಕು. ನಾಳೆ ಇಲ್ಲಿರುವೆನೋ ಇಲ್ಲವೋ ಎಂದು ಅರಿಯದವಳು ಯಾವ ಧೈರ್ಯದಿಂದ ಹತ್ತು ವರ್ಷದ ಪಾಠವನ್ನು ಆರಂಭಿಸಿಯಾಳು?

ಎರಡು ಆಕ್ಷೇಪಣೆಗಳನ್ನು ಇಲ್ಲಿ ಪರಿಶೀಲಿಸುವುದು ಉಚಿತ. ರೋಗಿಗೆ ಸಲಹೆ ಕೊಡುವುದು ವೈದ್ಯರ ಅಧಿಕಾರ, ಶುಶ್ರೂಷಕಿ ತನ್ನ ಮೇರೆಯನ್ನು ಮೀರಬಾರದು ಎಂಬುದು ಮೊದಲನೆಯದು. ರೋಗವನ್ನು ನಿರ್ಣಯಿಸುವುದು, ಔಷಧವನ್ನು ಗೊತ್ತುಪಡಿಸುವುದು ವೈದ್ಯರದೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ನೂರು ರೋಗಿಗಳು ಸಾಲುಗಟ್ಟಿ ನಿಂತ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ಸಿರಿಂಜಿನ ಮುಚ್ಚಳದ ಬಣ್ಣವನ್ನು ವಿವರಿಸಲು ಬಿಡುವೆಲ್ಲಿದೆ? ಶುಶ್ರೂಷಕಿಯ ಬೋಧನೆ ವೈದ್ಯರ ಚಿಕಿತ್ಸೆಯನ್ನು ಪೂರ್ಣಗೊಳಿಸುತ್ತದೆಯೇ ಹೊರತು ಅದಕ್ಕೆ ಅಡ್ಡ ಬರುವುದಿಲ್ಲ. ಎರಡನೆಯದು, ಹೇಳಿದರೆ ಯಾರೂ ಕೇಳುವುದಿಲ್ಲವೆಂಬ ನಿರಾಶೆ. ಇದರಲ್ಲಿ ಸತ್ಯಾಂಶವಿದೆ. ಕೂಲಿಗೆ ಹೋಗುವವನಿಗೆ ಸೊಪ್ಪು ತರಕಾರಿಯ ಬೆಲೆ ಭಾರ, ಸಂಜೆ ಒಬ್ಬಳೇ ನಡೆದಾಡುವ ಹೆಂಗಸಿಗೆ ಜನರ ಬಾಯಿ ಭಾರ. ಉಪದೇಶವು ಇವನ್ನು ಅರಿಯದೆ ಆಡಿದ ಮಾತಾದರೆ ಅದನ್ನು ಯಾರೂ ಕೇಳರು, ಕೇಳಬೇಕಾದ್ದೂ ಇಲ್ಲ. ಅದಕ್ಕಾಗಿಯೇ ಆ ಊರನ್ನು ಬಲ್ಲ, ಆ ಮನೆಯ ಒಲೆಯನ್ನು ಕಂಡ ಶುಶ್ರೂಷಕಿ ಬೇಕು ಎನ್ನುವುದು. ಚೆನ್ನೈಯ ಪ್ರಯೋಗದಲ್ಲಿಯೂ ಎಲ್ಲರೂ ಕೇಳಲಿಲ್ಲ; ತಿಳಿವಳಿಕೆ ಪಡೆದವರಲ್ಲಿಯೂ ನೂರಕ್ಕೆ 39 ಮಂದಿಗೆ ರೋಗ ಬಂದೇ ಬಂತು. ಆದರೆ ನೂರಕ್ಕೆ ಹದಿನಾರು ಜನ ಉಳಿದುಕೊಂಡರಲ್ಲ! ಹಿಂದಿನ ಬೆಂಚಿನ ಹುಡುಗರು ಕೇಳುವುದಿಲ್ಲವೆಂದು ಯಾವ ಶಿಕ್ಷಕರೂ ತರಗತಿಯನ್ನು ಮುಚ್ಚಿ ಹೋಗಿಲ್ಲ.

ಹಾಗಾದರೆ ಆಗಬೇಕಾದುದೇನು? ಸರ್ಕಾರದ ಮಟ್ಟದಲ್ಲಿ, ಪ್ರತಿಯೊಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಮಧುಮೇಹ ಬೋಧನೆಯಲ್ಲಿ ತರಬೇತಿ ಪಡೆದ ಒಬ್ಬ ಶುಶ್ರೂಷಕಿಯ ಖಾಯಂ ಹುದ್ದೆ ಇರಬೇಕು. ಪಾಠಕ್ಕೆಂದೇ ವಾರದಲ್ಲಿ ನಿಗದಿಯಾದ ಸಮಯ, ವಹಿಯಲ್ಲಿ ಅದಕ್ಕೊಂದು ಅಂಕಣ ಇರಬೇಕು. ಇದು ಕೋಟಿಗಟ್ಟಲೆ ಬೆಲೆಯ ಯಂತ್ರವಲ್ಲ. ಒಂದು ಸಂಬಳ, ಒಂದು ಕೋಣೆ, ಹತ್ತು ಕುರ್ಚಿ.

ಶಿಕ್ಷಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಶುಶ್ರೂಷಕಿಯ ಪಾಠ ನಲವತ್ತನೆಯ ವಯಸ್ಸಿಗೆ ಆರಂಭವಾದರೆ ನಿಮ್ಮದು ಆರನೆಯ ವಯಸ್ಸಿಗೇ ಆರಂಭವಾಗುತ್ತದೆ. ಆಟದ ಅವಧಿಯನ್ನು ಗಣಿತಕ್ಕೆ ಎರವಲು ಕೊಡಬೇಡಿ. ಶಾಲೆಯ ಆವರಣದಲ್ಲಿಯೂ ಅದರ ಸುತ್ತ 50 ಮೀಟರಿನೊಳಗೂ ಅತಿಯಾದ ಕೊಬ್ಬು, ಸಕ್ಕರೆ, ಉಪ್ಪಿನ ತಿನಿಸುಗಳನ್ನು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮಗಳು ಹೇಳುತ್ತವೆ. ಆ ನಿಯಮ ಗೇಟಿನ ಹೊರಗೆ ಪಾಲನೆಯಾಗುತ್ತಿದೆಯೇ ಎಂದು ಒಮ್ಮೆ ನೋಡಿ. ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿಯು 2025ರಲ್ಲಿ ತನ್ನ ಶಾಲೆಗಳಿಗೆ ಸಕ್ಕರೆಯ ಪ್ರಮಾಣವನ್ನು ತಿಳಿಸುವ ಫಲಕಗಳನ್ನು ಹಾಕಲು ಸೂಚಿಸಿತು. ಅಂಥ ಫಲಕ ಹಾಕಲು ಯಾವ ಶಾಲೆಗೂ ಅಪ್ಪಣೆ ಬೇಕಾಗಿಲ್ಲ. ಒಂದು ಹಲಗೆ, ಒಂದಿಷ್ಟು ಸುಣ್ಣ ಸಾಕು. ವರ್ಷಕ್ಕೆರಡು ಸಲ ಸಮೀಪದ ಆರೋಗ್ಯ ಕೇಂದ್ರದ ಶುಶ್ರೂಷಕಿಯನ್ನು ತರಗತಿಗೆ ಕರೆಯಿರಿ. ಅವಳಿಗೆ ನಿಮ್ಮ ಕುರ್ಚಿಯನ್ನೇ ಕೊಡಿ. ಅಜ್ಜಿಯ ಅಂಗಾಲನ್ನು ದಿನವೂ ನೋಡುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಿದರೆ ಅವರು ಅದನ್ನು ಮನೆಪಾಠಕ್ಕಿಂತ ನಿಷ್ಠೆಯಿಂದ ಮಾಡುತ್ತಾರೆ.

ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಈಗ ನಲವತ್ತು ದಾಟಿದ್ದೀರಿ. ಮೊದಲು ನಿಮ್ಮ ರಕ್ತವನ್ನು ಪರೀಕ್ಷೆ ಮಾಡಿಸಿಕೊಳ್ಳಿ. ದಾನಿಗಳಲ್ಲಿ ಅರಿಕೆ ಮಾಡಿಕೊಳ್ಳುವುದೆಂದರೆ, ಕಟ್ಟಡಕ್ಕೆ ಕೊಡುವ ದಾನ ಕಣ್ಣಿಗೆ ಕಾಣುತ್ತದೆ, ಕಲ್ಲಿನ ಮೇಲೆ ಹೆಸರು ನಿಲ್ಲುತ್ತದೆ, ಅದು ಶ್ಲಾಘ್ಯವೇ. ಆದರೆ ಶುಶ್ರೂಷಾ ಶಿಕ್ಷಣಕ್ಕೆ ಹೋಗಬಯಸುವ ಬಡ ಹೆಣ್ಣುಮಗಳೊಬ್ಬಳ ಓದಿನ ವೆಚ್ಚವನ್ನು ಹೊರುವುದು, ಅವಳು ಮಧುಮೇಹ ಬೋಧನೆಯಲ್ಲಿ ವಿಶೇಷ ತರಬೇತಿ ಪಡೆಯಲು ನೆರವಾಗುವುದು, ಬರಿಗಾಲಿನ ಮಧುಮೇಹಿಗಳಿಗೆ ಮೆತ್ತನೆಯ ಪಾದರಕ್ಷೆ ಕೊಡಿಸುವುದು ಇವೂ ದಾನಗಳೇ. ಅವುಗಳ ಮೇಲೆ ಹೆಸರು ಕೆತ್ತಲು ಸ್ಥಳವಿಲ್ಲ. ಉಳಿದ ಕಾಲುಗಳು ಹೊಲದಲ್ಲಿ ನಡೆದಾಡುತ್ತವೆ, ಅಷ್ಟೆ.

ಶುಶ್ರೂಷಕಿಯನ್ನು ತ್ಯಾಗಮಯಿ, ಕರುಣಾಮೂರ್ತಿ ಎಂದು ವೇದಿಕೆಗಳ ಮೇಲೆ ಹೊಗಳುವುದು ನಮ್ಮಲ್ಲಿ ವಾಡಿಕೆ. ಆ ಹೊಗಳಿಕೆಯಿಂದ ಅವಳ ಹೊಟ್ಟೆಯೂ ತುಂಬದು, ರೋಗಿಯ ಸಕ್ಕರೆಯೂ ಇಳಿಯದು. ಅವಳನ್ನು ವಿದ್ಯಾವಂತಳಾದ ಬೋಧಕಿಯೆಂದು ಕಂಡು, ಬೋಧಿಸಲು ಸಮಯವನ್ನೂ ಸ್ಥಾನವನ್ನೂ ಭದ್ರತೆಯನ್ನೂ ಕೊಡುವುದು ನ್ಯಾಯ. ವಿದ್ಯಾದಾನದ ಬೆಲೆಯನ್ನು ಬಲ್ಲ ಈ ಸಂಚಿಕೆಯ ಓದುಗರು ಈ ನ್ಯಾಯವನ್ನು ಬೇರೆಯವರಿಗಿಂತ ಬೇಗ ಒಪ್ಪಿಯಾರೆಂಬ ಭರವಸೆಯಿಂದ ನನ್ನ ಈ ವಿನಮ್ರ ಅಭಿಪ್ರಾಯವನ್ನು ಮುಗಿಸುತ್ತೇನೆ.